ಹಾತಕಣಂಗಲೆಯ ಅವಘಡ

ನನ್ನ ಮೊಮ್ಮಗಳು ಪುಸ್ತಕ ಬರೆಯುತ್ತಾಳೆ. ಈ ಮಾತನ್ನು ನಾನು ಇಚಲಕರಂಜಿಯಲ್ಲಿ ಎಷ್ಟು ಮಂದಿಗೆ ಹೇಳಿದ್ದೇನೆಂದರೆ, ನಾನು ಕಟ್ಟೆಯ ಕಡೆ ಬರುವುದನ್ನು ಕಂಡರೆ ಸಾಕು, ಕುಳಿತವರು ತಾವಾಗಿಯೇ "ಹೌದ್ರಿ, ನಿಮ್ಮ ಮೊಮ್ಮಗಳು ಪುಸ್ತಕ ಬರೀತಾಳ" ಎಂದು ಹೇಳಿ ಎದ್ದು ಹೋಗುತ್ತಾರೆ. ಹಾಲಿನವನಿಗೆ ಹೇಳಿದೆ. ಬಸದಿಗೆ ಬರುವ ಪ್ರತಿಯೊಬ್ಬರಿಗೂ, ಅವರು ಕಣ್ಣು ಮುಚ್ಚಿ ಕೈ ಮುಗಿದಿರುವಾಗಲೇ ಹೇಳಿದೆ. ಕೊಲ್ಹಾಪುರದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಳ್ಳುವಾಗ ಡಾಕ್ಟರರಿಗೂ ಹೇಳಿದೆ. ಅವರು "ಆಜೋಬಾ, ಹಲೂ ನಕಾ" ಅಂದರು, ಅಲುಗಾಡಬೇಡಿ ಅಂತ. ಹಿಗ್ಗಿದ ಮನುಷ್ಯ ಅಲುಗಾಡದೆ ಮಲಗುವುದು ಹೇಗೆ ಎಂಬುದನ್ನು ಅವರ ಕಾಲೇಜಿನಲ್ಲಿ ಕಲಿಸಿದಂತಿಲ್ಲ.

ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ, ಗಡಹಿಂಗ್ಲಜ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಐದನೆಯದಕ್ಕೆ ಅಲ್ಲಿ ಮಾಸ್ತರರೂ ಇರಲಿಲ್ಲ, ನನಗೆ ಮನಸ್ಸೂ ಇರಲಿಲ್ಲ, ಇಬ್ಬರಿಗೂ ಅನುಕೂಲವಾಯಿತು. ಆಮೇಲೆ ಇಚಲಕರಂಜಿಗೆ ಬಂದು ನಲವತ್ತು ವರ್ಷ ಮಗ್ಗದ ಕಾರಖಾನೆಯಲ್ಲಿ ಜಾಬರ್ ಆಗಿದ್ದೆ. ಜಾಬರ್ ಅಂದರೆ ಮಗ್ಗ ಕೆಟ್ಟು ನಿಂತಾಗ ಪಾನಾ ಹಿಡಿದುಕೊಂಡು ಬರುವವನು. ಆ ಮಗ್ಗಗಳ ಗದ್ದಲದಲ್ಲಿ ಕಿವಿ ಅರ್ಧ ಹೋಯಿತು. ಹೆಂಡತಿ ಮಾತನಾಡುವಾಗ ಪೂರ್ತಿ ಹೋಗುತ್ತದೆ ಎಂದು ಆಕೆಯ ತಕರಾರು. ಇಂಥವನ ಮೊಮ್ಮಗಳು ಒಂದಲ್ಲ, ಎರಡಲ್ಲ, ನಾಲ್ಕು ಪುಸ್ತಕ ಬರೆದಿದ್ದಾಳೆ. ನಾಲ್ಕೂ ಕೂಡಿ ಒಂದೇ ಕಥೆ. ಒಂದು ಪುಸ್ತಕದಲ್ಲಿ ಮುಗಿಸಬಹುದಾದದ್ದನ್ನು ನಾಲ್ಕರಲ್ಲಿಯೂ ಮುಗಿಸದೆ ಇರುವುದಕ್ಕೆ ಮಾಲಿಕೆ ಅನ್ನುತ್ತಾರೆ. ಇದು ನನಗೆ ಈಗ ಗೊತ್ತಾದ ವಿದ್ಯೆ.

ನಮ್ಮ ಮಗಳನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದೇವೆ. ಆಕೆಯ ಮಗಳೇ ಈ ಲೇಖಕಿ. ಧಾರವಾಡಕ್ಕೆ ಹೋಗಿ ಕನ್ನಡದಲ್ಲಿ ಬಿ.ಎ. ಮಾಡಿ ಬಂದಳು. ಹೋಗುವಾಗ ನಮ್ಮಂತೆಯೇ ಅರ್ಧ ಕನ್ನಡ ಅರ್ಧ ಮರಾಠಿ ಕಲಸಿ ಮಾತನಾಡುತ್ತಿದ್ದವಳು, ಬರುವಾಗ ಇಸ್ತ್ರಿ ಮಾಡಿದ ಕನ್ನಡ ಉಟ್ಟುಕೊಂಡು ಬಂದಳು. ಈಗ ಊರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಗಿರಾಕಿ ಇದ್ದಾಗ ಮಂದಿಯ ಆಧಾರ್ ಕಾರ್ಡು, ಇಲ್ಲದಾಗ ತನ್ನ ಕಥೆ. ಗಡಹಿಂಗ್ಲಜದ ಮಂದಿಗೆ ಝೆರಾಕ್ಸ್ ಬೇಕಾಗುವುದು ಕಡಿಮೆ ಇರಬೇಕು. ಅದಕ್ಕೇ ಪುಸ್ತಕ ಇಷ್ಟು ದಪ್ಪ.

ಕಥೆ ನಡೆಯುವುದು ಹುಪರಿಯ ಒಂದು ಬೆಳ್ಳಿ ಕೆಲಸದ ಮನೆಯಲ್ಲಿ. ಮನೆಯವರೆಲ್ಲ ಪಡಸಾಲೆಯಲ್ಲಿ ಕುಳಿತು ಕಾಲ್ಗೆಜ್ಜೆಗೆ ಗೆಜ್ಜೆ ಕೂಡಿಸುತ್ತಾರೆ. ಮೂವರು ಸೊಸೆಯರಿದ್ದಾರೆ, ಅವರ ಮೇಲೆ ದೊಡ್ಡವ್ವ ಎಂಬ ಅತ್ತೆ. ಈ ದೊಡ್ಡವ್ವ ತಿಜೋರಿಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚುವುದಿಲ್ಲ. ಸೊಸೆಯರು ನಕ್ಕರೆ ಕೆಮ್ಮುತ್ತಾಳೆ. ಹೊಗಳಬೇಕಾದಾಗ "ಬರೋಬ್ಬರ ಐತಿ" ಎನ್ನುತ್ತಾಳೆ, ಬೈಯಬೇಕಾದಾಗಲೂ ಅದನ್ನೇ ಎನ್ನುತ್ತಾಳೆ. ಮೊದಲನೇ ಪುಸ್ತಕ ಓದಿ ನಾನು ಹೆಂಡತಿಯ ಮುಖ ನೋಡಿದೆ. ಆಕೆ ಸೊಂಟದ ಬೀಗದ ಕೈ ಮೇಲೆ ಕೈಯಿಟ್ಟುಕೊಂಡು, "ಯಾರೀಕಿ, ಭಾಳ ಶಾಣ್ಯಾಕಿ ಅದಾಳ" ಅಂದಳು.

ಆ ಮೊದಲನೇ ಪುಸ್ತಕದ ಮೂರನೇ ಪುಟದಲ್ಲಿ, ನಮ್ಮೂರಿಗೆ ಹತ್ತಿರದ ರೈಲು ನಿಲ್ದಾಣದ ಬಗ್ಗೆ ಒಂದು ಸಾಲಿದೆ. "ಹಾತಕಣಂಗಲೆಯ ಆ ಅವಘಡದ ನಂತರ ದೊಡ್ಡವ್ವ ಮತ್ತೆಂದೂ ರೈಲು ಹತ್ತಲಿಲ್ಲ." ಅಷ್ಟೇ. ಯಾವ ಅವಘಡ, ಯಾರಿಗೆ ಏನಾಯಿತು, ನಾಲ್ಕು ಪುಸ್ತಕ ಮುಗಿದರೂ ತುಟಿ ಬಿಚ್ಚಿಲ್ಲ. ಓದುವವರಿಗೆ ತಳಮಳ. ವಿಜಯಪುರದವರು ಕೇಳುತ್ತಾರೆ, ಹಾವೇರಿಯವರು ಕೇಳುತ್ತಾರೆ, ರೈಲು ಹಳಿ ತಪ್ಪಿತೋ, ಯಾರಾದರೂ ಗಾಲಿಗೆ ಸಿಕ್ಕರೋ ಎಂದು. ಮಂದಿಗೆ ಎಷ್ಟು ಅಂತಃಕರಣ ನೋಡಿ. ಯಾರಾದರೂ ಸತ್ತಿದ್ದಾರೆ ಎಂದು ಖಾತ್ರಿಯಾಗುವವರೆಗೆ ಅವರಿಗೆ ಸಮಾಧಾನವಿಲ್ಲ.

ಐದನೆಯ ಪುಸ್ತಕದಲ್ಲಿ ದೊಡ್ಡವ್ವ ಬೀಗದ ಕೈಯನ್ನು ಸೊಸೆಯರಿಗೆ ಕೊಟ್ಟು ಕಥೆ ಮುಗಿಯಬೇಕಿತ್ತು. ಆದರೆ ಧಾರವಾಡದ ಪ್ರಕಾಶಕರು ತಡೆದರು. ಮೊದಲು ಒಂದು ಸಣ್ಣ ಪುಸ್ತಕ ಬರೆಯಬೇಕು, ದೊಡ್ಡವ್ವ ದೊಡ್ಡವ್ವ ಆಗುವುದಕ್ಕೆ ಮುಂಚೆ ಏನಾಗಿದ್ದಳು, ಆ ಅವಘಡ ಯಾವುದು, ಅದರ ಪೂರ್ವಕಥೆ. ದೀಪಾವಳಿಯೊಳಗೆ ಅದು ಅವರ ಮನಸ್ಸಿಗೆ ಬಂದರೆ ಐದನೆಯದು ಅಚ್ಚಾಗುತ್ತದೆ. ಬರದಿದ್ದರೆ ನಾಲ್ಕಕ್ಕೇ ಮಾಲಿಕೆ ಬಂದ್. ಅಂದರೆ ಆ ಮೂವರು ಸೊಸೆಯರು ಜನ್ಮಪೂರ್ತಿ ಬೀಗದ ಕೈ ಇಲ್ಲದೆ ಕೂರಬೇಕು, ನನ್ನ ಮೊಮ್ಮಗಳು ಜನ್ಮಪೂರ್ತಿ ಆಧಾರ್ ಕಾರ್ಡು ತೆಗೆಯಬೇಕು.

ಹೀಗೆ ಆಕೆ ಗೌರಿ-ಗಣಪತಿ ಮುಗಿದ ಮೇಲೆ ಅಂಗಡಿಯನ್ನು ಅವ್ವನಿಗೆ ಒಪ್ಪಿಸಿ, ಒಂದು ಚೀಲ ಅರಿವೆ, ಒಂದು ದಪ್ಪ ವಹಿ ತೆಗೆದುಕೊಂಡು ನಮ್ಮ ಮನೆಗೆ ಬಂದಳು.

"ಅಲ್ಲ ಯವ್ವಾ," ಅಂದೆ, "ಬಟ್ಟಿ ಎಲ್ಲಾ ನೇಯ್ದ ಮ್ಯಾಲ ಈಗ ಹಾಸ ಹಾಕೂದಂದ್ರ ಏನ ಪದ್ಧತಿ ಇದು? ನಮ್ಮ ಕಾರಖಾನ್ಯಾಗ ಹಿಂಗ ಮಾಡಿದ್ರ ಮಾಲಕ ಹೊರಗ ಹಾಕತಿದ್ದ."

"ಹಾಸ ಹಾಕಬೇಕು ಅಜ್ಜಾ. ಅದೂ ನೇಯ್ದ ಬಟ್ಟಿಗಿ ಎಳಿ ಎಳಿ ಹೊಂದಬೇಕು."

ಹೇಗೆ ಹೊಂದಬೇಕು ಎಂದು ವಹಿ ತೆಗೆದು ತೋರಿಸಿದಳು. ನಾಲ್ಕು ಪುಸ್ತಕಗಳಲ್ಲಿ ದೊಡ್ಡವ್ವನ ಬಗ್ಗೆ ಎಲ್ಲೆಲ್ಲಿ ಏನೇನು ಬರೆದಿದ್ದಾಳೋ ಅದೆಲ್ಲ ಅದರಲ್ಲಿತ್ತು. ಎಡಗೈ ಮೇಲಿನ ಹಚ್ಚೆ, ತವರಿನ ಬಾವಿ, ಬೆಲ್ಲದ ಚಹಾ. ಅಚ್ಚಾದದ್ದನ್ನು ಮುರಿಯುವಂತಿಲ್ಲ. ಎರಡನೇ ಪುಸ್ತಕದಲ್ಲಿ ದೊಡ್ಡವ್ವನ ವಯಸ್ಸು ಎರಡು ವರ್ಷ ತಪ್ಪಿದ್ದಕ್ಕೆ ಒಬ್ಬ ಓದುಗರು ಎರಡು ಪುಟದ ಪತ್ರ ಬರೆದಿದ್ದರಂತೆ. ನನ್ನ ಹೆಂಡತಿಗೆ ರೇಶನ್ ಕಾರ್ಡಿನಲ್ಲಿ ಒಂದು ವಯಸ್ಸು, ಮತದಾನದ ಕಾರ್ಡಿನಲ್ಲಿ ಒಂದು, ಆಧಾರದಲ್ಲಿ ಇನ್ನೊಂದು. ಇದುವರೆಗೆ ಯಾವ ಸರ್ಕಾರವೂ ನಮಗೆ ಪತ್ರ ಬರೆದಿಲ್ಲ. ಇರುವ ಮನುಷ್ಯರಿಗಿಂತ ಇಲ್ಲದ ಮನುಷ್ಯರ ಮೇಲೆ ಮಂದಿಯ ಕಣ್ಣು ಬಿಗಿ.

ಬಂದ ದಿನದಿಂದ ಮೊಮ್ಮಗಳ ನಡವಳಿಕೆ ನನಗೆ ಬಗೆಹರಿಯಲಿಲ್ಲ. ಅಜ್ಜಿಗೆ ಆಕೆ ಆಯಿ ಅನ್ನುತ್ತಾಳೆ. ಆಯಿಗೆ ನೀರಿನ ಕೊಡ ಎತ್ತಲು ಬಿಡಳು. ಆಯಿಗೆ ದಾಳಿಂಬೆ ಬಿಡಿಸಿ ಕೊಡುವಳು. ಆಯಿ ಸುಮ್ಮನೆ ಕುಳಿತರೆ ತಾನೂ ಪಕ್ಕದಲ್ಲಿ ಹೋಗಿ ಕುಳಿತು ಕೈ ಹಿಡಿದುಕೊಳ್ಳುವಳು. ಮೂರನೇ ದಿನ ಹೆಂಡತಿ ಅಡಿಗೆಮನೆಗೆ ನನ್ನನ್ನು ಕರೆದು ಕೇಳಿದಳು:

"ಏನ್ರಿ, ಕೊಲ್ಹಾಪುರದ ಡಾಕ್ಟರ ನನ್ನ ರಿಪೋರ್ಟ ಏನರ ನಿಮ್ಮ ಕೈಯಾಗ ಕೊಟ್ಟಾನೇನು?"

"ಕಣ್ಣ ನಂದ ತೋರ್ಸಿದ್ದು, ನಿಂದಲ್ಲ."

"ಮತ್ತ ಈ ಹುಡಿಗಿ ನನಗ ಸಾಯು ಮುದುಕಿಗಿ ಮಾಡಿದಂಗ ಯಾಕ ಮಾಡಾಕತ್ತಾಳ?"

ನನಗೇನು ಗೊತ್ತು? ನಾನು ನನ್ನ ಕೈಲಾದ ಸೇವೆ ಮಾಡುತ್ತಿದ್ದೆ. ಚಹಾ ಕುಡಿಯುವಾಗಲೆಲ್ಲ ಮೊಮ್ಮಗಳಿಗೆ ಒಂದೊಂದು ಅವಘಡ ಕೊಡುತ್ತಿದ್ದೆ. ರೈಲಿಗೆ ಎಮ್ಮೆ ಅಡ್ಡ ಬಂದದ್ದು, ಡಬ್ಬಿಗೆ ಬೆಂಕಿ ಹತ್ತಿದ್ದು, ಹುಪರಿಯ ಬೆಳ್ಳಿಯ ಮೇಲೆ ಕಳ್ಳರ ಕಣ್ಣು ಬಿದ್ದದ್ದು. ಒಂದಕ್ಕಿಂತ ಒಂದು ಚಲೋ ಇದ್ದವು. ನನ್ನನ್ನು ಪ್ರಕಾಶಕರು ಇನ್ನೂ ಕಂಡಿಲ್ಲ, ಅದು ಅವರ ದುರ್ದೈವ. ಆದರೆ ಈ ಹುಡುಗಿ ವಹಿ ಬಿಚ್ಚಲೇ ಇಲ್ಲ.

"ಬ್ಯಾಡ ಅಜ್ಜಾ. ಆ ಅವಘಡ ಯಾವ್ದಂತ ನನಗ ಗೊತ್ತೈತಿ," ಅಂದಳು. ಹಾಗೆ ಹೇಳುತ್ತ ನನ್ನನ್ನೂ ಕರುಣೆಯಿಂದ ನೋಡಿದಳು. ರಿಪೋರ್ಟು ನನ್ನದೇ ಇರಬೇಕು ಅಂದುಕೊಂಡೆ.

ಮೊದಲನೇ ಅಧ್ಯಾಯ ಬರೆದಾದ ದಿನ ಮಧ್ಯಾಹ್ನ ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿದಳು. "ಆಯಿ, ನಿನಗ ಬ್ಯಾಸರ ಆದ್ರ ನಿಲ್ಲಿಸಂತ ಹೇಳು, ನಿಲ್ಲಸ್ತೇನಿ," ಎಂದಳು. ಹೆಂಡತಿ ಮೊರದಲ್ಲಿ ಜೋಳ ಹಾಕಿಕೊಂಡು ಹಳ್ಳು ಆರಿಸುತ್ತ, "ಓದು, ಜ್ವಾಳ ಮುಗಿಯೂತನಾ ಕೇಳ್ತೇನಿ," ಎಂದಳು.

ಮೊಮ್ಮಗಳು ಓದಿದಳು. ಆಹಾ, ಏನು ಕನ್ನಡ. ಹರೆಯದ ದೊಡ್ಡವ್ವ ಏಳು ತಿಂಗಳ ಬಸುರಿ. ಸಂಜೆಯ ರೈಲು ಹಾತಕಣಂಗಲೆಯಲ್ಲಿ ನಿಲ್ಲುತ್ತದೆ. ಇಳಿಯುವಾಗ ಕಾಲು ಜಾರುತ್ತದೆ. ಒಡಲಿನ ದೀಪ ಆರುತ್ತದೆ. ಅಂದಿನಿಂದ ಆಕೆ ನಗುವುದನ್ನು ಮರೆಯುತ್ತಾಳೆ, ಯಾರಾದರೂ ನಕ್ಕರೂ ಆ ನಗೆಯೊಳಗೆ ಆಕೆಗೆ ಒಂದು ಕೂಸಿನ ಅಳು ಕೇಳಿಸುತ್ತದೆ. ಅದಕ್ಕೇ ಆ ಕೆಮ್ಮು. ನಾನು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡೆ. ಹೊಸದಾಗಿ ಪೊರೆ ತೆಗೆಸಿದ ಕಣ್ಣಿಗೆ ನೀರು ತಾಗಿಸಬಾರದು ಎಂದಿದ್ದರು, ಆದರೂ ತಾಗಿತು.

ಹೆಂಡತಿ ಅಳಲಿಲ್ಲ. ಮೊರವನ್ನು ಕೆಳಗಿಟ್ಟಳು.

"ಯಾವ ಟೇಸನ್ನಂದಿ?"

"ಹಾತಕಣಂಗಲೆ, ಆಯಿ."

"ಎಷ್ಟ ತಿಂಗಳ?"

"ಏಳು."

"ಕೂಸ ಏನಾತು?"

"ಹೋತಲ್ಲ ಆಯಿ," ಎಂದಳು ಮೊಮ್ಮಗಳು, ಧ್ವನಿ ಸಣ್ಣದು ಮಾಡಿ.

"ಇದನ್ನ ನಿನಗ ಯಾರ ಹೇಳ್ಯಾರ?"

"ನೀನ ಹೇಳಿದ್ದಿ. ನಾ ಸಣ್ಣಾಕಿ ಇದ್ದಾಗ, ಶೇಂಗಾ ಸುಲಕೋತ ಕುಂತಿದ್ವಿ. ಏಳ ತಿಂಗಳ ಬಸರಿ ಇದ್ದೆ, ಹಾತಕಣಂಗಲೆ ಟೇಸನ್ನಾಗ ಭಾಳ ಅವಘಡ ಆತು, ಅವತ್ತಿಂದ ನಾ ರೇಲ್ವೆ ಹತ್ತಿಲ್ಲ ಅಂದಿ. ಮುಂದ ನೀ ಮಾತಾಡಲಿಲ್ಲ. ನನಗೂ ಕೇಳಾಕ ಧೈರ್ಯ ಆಗಲಿಲ್ಲ."

ಆಗ ನನಗೆ ತಿಳಿಯಿತು. ದಾಳಿಂಬೆ, ನೀರಿನ ಕೊಡ, ಕೈ ಹಿಡಿದು ಕೂರುವುದು. ಈ ಹುಡುಗಿ ಹತ್ತು ವರ್ಷದವಳಿದ್ದಾಗಿನಿಂದ ತನ್ನ ಆಯಿಯ ಸತ್ತ ಕೂಸನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆ. ಆ ದುಃಖದ ಮೇಲೆಯೇ ದೊಡ್ಡವ್ವನನ್ನು ಕಟ್ಟಿದ್ದಾಳೆ. ನಾಲ್ಕು ಪುಸ್ತಕ ಬರೆದದ್ದೇ ಅದಕ್ಕಾಗಿ. ನನ್ನ ಹೆಂಡತಿ ಇಷ್ಟು ಕಟುವಾಗಿರಬೇಕಾದರೆ ಅದಕ್ಕೊಂದು ಭಾರಿ ಕಾರಣ ಇದ್ದೇ ಇರಬೇಕು ಎಂದು ನಂಬಿದ್ದಾಳೆ. ನನಗೆ ಹಾಗೆ ಎಂದೂ ಅನ್ನಿಸಿರಲಿಲ್ಲ. ಮೆಣಸಿನಕಾಯಿ ಯಾಕೆ ಖಾರ ಎಂದು ನಾನು ಕೇಳಲು ಹೋದವನಲ್ಲ.

ಹೆಂಡತಿ ಒಂದು ಗಳಿಗೆ ಮೊಮ್ಮಗಳನ್ನೇ ನೋಡಿದಳು. ಆಮೇಲೆ ಬಹಳ ಸಮಾಧಾನದಿಂದ ಹೇಳಿದಳು:

"ಆ ಏಳ ತಿಂಗಳ ಕೂಸು ನಿಮ್ಮವ್ವ. ಗಡಹಿಂಗ್ಲಜದಾಗ ನಿನ್ನ ಝೆರಾಕ್ಸ್ ಅಂಗಡಿ ಕಾಯಕತ್ತಾಳ. ಮುಂಜಾನೆ ಫೋನ್ ಮಾಡಿ ಮೆಂತೆಪಲ್ಲೆ ಕಳಸ್ಲೇನ ಅಂತ ಕೇಳ್ಯಾಳ. ಆಕಿನ್ನ ಟೇಸನ್ನಾಗ ಕೊಂದ್ರ ನೀ ಹೆಂಗ ಹುಟ್ಟಾಕಿ, ಈ ಪುಸ್ತಕ ಹೆಂಗ ಬರ್ಯಾಕಿ?"

"ಮತ್ತ ಅವಘಡ ಆತು ಅಂದಿದ್ಯಲ್ಲ ಆಯಿ?"

"ಆತಲ್ಲ. ಅವಘಡ ಅಂದ್ರ ಅವಘಡ. ನೀ ಏನ ತಿಳಕೊಂಡಿ?"

"ಅಪಘಾತ."

"ಅಯ್ಯ, ಅಪಘಾತ ಆಗಿದ್ರ ಅಪಘಾತ ಅಂತಿದ್ದೆ. ನನಗ ಅಷ್ಟೂ ಬರೂದಿಲ್ಲೇನು?"

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಧಾರವಾಡದ ಪುಸ್ತಕದಲ್ಲಿ ಅವಘಡ ಅಂದರೆ ಅಪಘಾತ, ಅನಾಹುತ. ನಮ್ಮ ಕಡೆ ಹಾಗಲ್ಲ. ನಾವು ಈ ಮಾತನ್ನು ಮರಾಠಿಯವರಿಂದ ಕಡ ತಂದವರು. ಅವರಲ್ಲಿ ಅವಘಡ ಅಂದರೆ ಕಠಿಣ, ಮೈಗೆ ತ್ರಾಸಿನದು, ನಾಲ್ಕು ಮಂದಿಯೊಳಗೆ ಮುಜುಗರದ್ದು. ಗಣಿತದ ಪೇಪರ್ ಅವಘಡ ಇರುತ್ತದೆ. ಬೀಗರ ಮನೆಯಲ್ಲಿ ಎರಡನೇ ಸಲ ತುಪ್ಪ ಕೇಳುವುದು ಅವಘಡ. ಬಸುರಿಗೆ ಕೂರುವುದು, ಏಳುವುದು ಅವಘಡ. ಮೊಮ್ಮಗಳು ಧಾರವಾಡದಲ್ಲಿ ಮೂರು ವರ್ಷ ಕನ್ನಡ ಕಲಿತು, ತನ್ನ ಆಯಿಯ ಕನ್ನಡವನ್ನು ಅಲ್ಲಿಯೇ ಬಿಟ್ಟು ಬಂದಿದ್ದಳು. ಒಂದು ಶಬ್ದದ ತಪ್ಪಿನಿಂದ ಅರ್ಧ ಕರ್ನಾಟಕ ನಾಲ್ಕು ಪುಸ್ತಕದುದ್ದಕ್ಕೂ ನನ್ನ ಹೆಂಡತಿಗಾಗಿ ಮರುಗಿತು. ಆಕೆ ಇಲ್ಲಿ ಜೋಳದ ಹಳ್ಳು ಆರಿಸುತ್ತಿದ್ದಳು.

"ಹಂಗಾದ್ರ ಅವತ್ತು ಆಗಿದ್ದೇನು?" ಎಂದು ಮೊಮ್ಮಗಳು ಕೇಳಿದಳು.

"ನಿಮ್ಮಜ್ಜನ್ನ ಕೇಳು," ಎಂದಳು ಹೆಂಡತಿ.

ನನಗೆ ಏನೂ ನೆನಪಿರಲಿಲ್ಲ. ಆಕೆಗೆ ರೈಲಿನಲ್ಲಿ ಚಕ್ಕರ್ ಬರುತ್ತದೆ, ತಲೆ ತಿರುಗುತ್ತದೆ, ಅದಕ್ಕೇ ಎಲ್ಲಿಗೆ ಹೋದರೂ ಎಸ್‌ಟಿ ಬಸ್ಸೇ ಆಗಬೇಕು ಎಂದು ಐವತ್ತು ವರ್ಷದಿಂದ ನಂಬಿದ್ದೆ. ನಾಲ್ಕು ಮಂದಿಗೆ ಹೇಳಿಯೂ ಇದ್ದೆ. ಅದನ್ನೇ ಹೇಳಿದೆ.

"ಚಕ್ಕರಾ?" ಅಂದಳು. ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಹೇಳತೊಡಗಿದಳು, ನಾನು ಆ ಕೋಣೆಯಲ್ಲಿ ಇಲ್ಲವೇ ಇಲ್ಲ ಅನ್ನುವಂತೆ.

"ನಮ್ಮ ತಮ್ಮನ ಲಗ್ನಾ ಮುಗಿಸಿ ಬರಾಕತ್ತಿದ್ವಿ. ನನಗ ತವರಾಗ ಅವ್ವ ಇರ್ಲಿಲ್ಲ, ಬಾಣಂತನ ಇಲ್ಲೇ ಆಗೂದಿತ್ತು. ಮೀರಜದಾಗ ಗಾಡಿ ಹಿಡದ್ವಿ. ಹಾತಕಣಂಗಲೆ ಬರೂದ್ರಾಗ ಹೊತ್ತ ಮುಳಗಾಕ ಬಂದಿತ್ತು. ನಮ್ಮ ಮಂದಿಗಿ ಗೊತ್ತಲ್ಲ, ಹೊತ್ತ ಮುಳಗಿದ ಮ್ಯಾಲ ಊಟಿಲ್ಲ. ಗಾಡಿ ನಿಂತಿದ್ದ ತಡಾ, ಇವರು ಟ್ರಂಕ ಹಿಡದ್ರು, ಬುತ್ತಿಗಂಟ ಹಿಡದ್ರು, ಜಿಗದ್ರು, ಬೇವಿನ ಗಿಡದ ಬುಡಕ್ಕ ಓಡಿದ್ರು. ನಾ ಬಾಗಲದಾಗ ನಿಂತೇನಿ. ಆವಾಗ ಫಲಾಟ ನೆಲದ ಮಟ್ಟಾ ಇತ್ತು, ಗಾಡಿ ಪಾವಟಿಗಿ ನನ್ನ ಎದಿ ಮಟ್ಟಾ. ಈ ಹೊಟ್ಟಿ ಹೊತಕೊಂಡ ಹೆಂಗ ಇಳೀಲಿ? ಏನ್ರಿ, ಏನ್ರಿ ಅಂತ ಕರದೆ. ಇವರು ಬೆನ್ನ ತಿರುವಿ ಕುಂತ ಸೂರ್ಯಾನ್ನ ನೋಡಕೋತ ರೊಟ್ಟಿ ಮುರ್ಯಾಕತ್ತಾರ. ಗಾಡಿ ಸೀಟಿ ಹೊಡೀತು. ಪ್ಯಾರಲಕಾಯಿ ಮಾರಾಕಿ ಒಬ್ಬಾಕಿ ಬಂದ್ಲು, ಇಬ್ರ ಹಮಾಲರ್ನ ಕರದ್ಲು. ಅವರು ಬೆಲ್ಲದ ಪೆಂಟಿ ಇಳಿಸಿದಂಗ ನನ್ನ ಬಗಲಾಗ ಕೈ ಹಾಕಿ ಇಳಿಸಿದ್ರು. ಪರಗಂಡಸರು. ಡಬ್ಬಿ ಮಂದೆಲ್ಲಾ ಕಿಡಕ್ಯಾಗ ಮುಖಾ ಇಟ್ಟ ನಕ್ಕರು. ಗಿಡದ ಬುಡಕ್ಕ ಹೋದೆ. ಇವರು ಬಾಯಿ ಒರಸಕೊಂಡು ಏನ ಕೇಳಿದ್ರ ಹೇಳ್ಲೇನು? ಯಾಕ ತಡಾ ಆತು ಅಂದ್ರು."

ನಾನು, "ನಿನಗೂ ರೊಟ್ಟಿ ಇಟ್ಟಿದ್ದೆ. ನೀನ ಹಸಿವಿಲ್ಲಂದಿ," ಎಂದೆ. ಅಷ್ಟು ನೆನಪಾಗಿತ್ತು. ನೆನಪಾಗದಿದ್ದರೆ ಚಲೋ ಇತ್ತು.

"ಹೊತ್ತ ಮುಳಗಿತ್ತಲ್ರಿ. ಹಸಿವಿದ್ರ ಏನ ಮಾಡಾಕಿ? ಮರದಿನ ಮುಂಜಾನಿತನಾ ನೀರ ಕುಡದ ಕುಂತೆ, ಒಳಗಿನ ಕೂಸು ಒದಿಯೂದ ಒದಿಯೂದು. ಧರ್ಮ ನಿಮ್ಮ ಹೊಟ್ಟಿಗಷ್ಟ ಇತ್ತೇನು? ನನ್ನ ಹೊಟ್ಟಿಗಿ ಇರ್ಲಿಲ್ಲೇನು?"

ನಲವತ್ತು ವರ್ಷ ಜಾಬರ್ ಆಗಿದ್ದವನು ನಾನು. ಮಗ್ಗದ ಸದ್ದು ಕೂದಲೆಳೆಯಷ್ಟು ಬದಲಾದರೆ ಎದ್ದು ಓಡುತ್ತಿದ್ದೆ. ಮನೆಯಲ್ಲಿ ಐವತ್ತು ವರ್ಷದಿಂದ ಎಳೆ ಕಡಿದುಕೊಂಡು ಕುಳಿತಿದ್ದನ್ನು ಚಕ್ಕರ್ ಎಂದು ತಿಳಿದಿದ್ದೆ. ಇಂಥ ಹುಶಾರಿ ಎಲ್ಲರಿಗೂ ಬರುವುದಿಲ್ಲ, ನಾಲ್ಕನೇ ಇಯತ್ತೆಯವರೆಗಾದರೂ ಓದಿರಬೇಕು.

ಆದರೆ ಆಗ ನನ್ನ ಗತಿಗಿಂತ ಮೊಮ್ಮಗಳ ಗತಿ ಕೆಟ್ಟಿತ್ತು. ಆಕೆ ವಹಿ ಮುಚ್ಚಿ ಚೀಲಕ್ಕೆ ಹಾಕಿದಳು. "ಮುಗೀತು ಆಯಿ. ನಾಳೆ ಗಡಹಿಂಗ್ಲಜಕ್ಕ ಹೋಗ್ತೇನಿ. ಪ್ರಕಾಶಕ ಸರ್‌ಗೆ ಫೋನ್ ಮಾಡಿ ಆಗೂದಿಲ್ಲಂತ ಹೇಳ್ತೇನಿ."

"ಯಾಕ?"

"ನಾಕ ಪುಸ್ತಕ ಓದಿ ಮಂದಿ ಕಾಯಾಕತ್ತಾರ. ಅವರಿಗಿ ಏನಂತ ಹೇಳ್ಲಿ? ಯಾರೂ ಸತ್ತಿಲ್ರಿ, ಅಜ್ಜಾರು ಊಟಾ ಮಾಡಿದ್ರು ಅಂತ ಹೇಳ್ಲೇನು? ದೊಡ್ಡವ್ವನ ಸಿಟ್ಟೆಲ್ಲಾ ಆ ಕೂಸಿನ ಮ್ಯಾಲ ನಿಂತಿತ್ತು."

ಹೆಂಡತಿ ಜೋಳದ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. "ಸಿಟ್ಟಿಗಿ ಹೆಣಾನ ಬೇಕೇನು? ನನ್ನ ಸಿಟ್ಟ ಒಂದ ಹೊತ್ತಿನ ಊಟದ ಮ್ಯಾಲ ಐವತ್ತ ವರ್ಷ ನಿಂತೈತಿ. ನಿನ್ನ ದೊಡ್ಡವ್ವ ನನಗಿಂತ ಹಗರ ಹೆಂಗಸೇನು?"

ಮೊಮ್ಮಗಳು ಎದ್ದು ನನ್ನ ಗೂಡಿನಿಂದ ಮೊದಲನೇ ಪುಸ್ತಕ ತೆಗೆದು ಮೂರನೇ ಪುಟ ಬಿಚ್ಚಿದಳು. ಆ ಸಾಲನ್ನು ಒಮ್ಮೆ ಓದಿದಳು, ತುಟಿ ಅಲುಗಿಸುತ್ತ ಇನ್ನೊಮ್ಮೆ ಓದಿದಳು. ಹಾತಕಣಂಗಲೆಯ ಆ ಅವಘಡದ ನಂತರ. ಆಮೇಲೆ ಚೀಲದಿಂದ ವಹಿ ಹೊರಗೆ ಬಂತು. ಸರಸರ ಹಾಳೆ ತಿರುವಿದಳು.

"ಅಜ್ಜಾ," ಎಂದಳು, "ಒಂದ ಅಕ್ಷರಾನೂ ಬದಲ ಮಾಡೂದು ಬ್ಯಾಡ."

ನೋಡಿದರೆ ಹೌದು. ನಾಲ್ಕು ಪುಸ್ತಕದಲ್ಲಿಯೂ ದೊಡ್ಡವ್ವ ಅವಘಡ ಆಯಿತು ಅಂದಿದ್ದಾಳೆಯೇ ಹೊರತು ಕೂಸು ಹೋಯಿತು ಎಂದು ಎಲ್ಲಿಯೂ ಅಂದಿಲ್ಲ. ಏನೋ ಘೋರವಾದದ್ದು ನಡೆದಿದೆ ಎಂದು ಅಂದುಕೊಂಡವರು ಸೊಸೆಯರು. ಒಬ್ಬರ ಕಿವಿಯಲ್ಲಿ ಒಬ್ಬರು ಗುಸುಗುಸು ಹೇಳಿ, ಅತ್ತೆಗೆ ನೋವಾದೀತೆಂದು ಯಾರೂ ಎದುರು ಕೇಳಿಲ್ಲ. ಆ ಮನೆಯವರೆಲ್ಲ ಅಷ್ಟು ಒಳ್ಳೆಯವರು. ಆಕೆಗೆ ಏನಾಗಿತ್ತು ಎಂದು ಒಬ್ಬರೂ ಕೇಳದಷ್ಟು ಒಳ್ಳೆಯವರು.

ಅಂದಿನಿಂದ ಹದಿನೆಂಟು ದಿನ ನಮ್ಮ ಪಡಸಾಲೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೂ ಕೂಡಿ ನನ್ನನ್ನು ಪುಸ್ತಕಕ್ಕೆ ಏರಿಸಿದರು. ನನಗೆ ಆ ಕಡೆ ಬರಲು ಪರವಾನಗಿ ಇರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಹಾಯ್ದುಹೋಗುವಾಗ ಒಂದೊಂದು ಮಾತು ಕಿವಿಗೆ ಬೀಳುತ್ತಿತ್ತು. "ಎಷ್ಟ ರೊಟ್ಟಿ ತಿಂದ್ರು ಆಯಿ?" "ಮೂರು. ಮ್ಯಾಲ ಶೇಂಗಾ ಚಟ್ನಿ." ಐವತ್ತು ವರ್ಷದ ಹಿಂದಿನ ರೊಟ್ಟಿ ಆಕೆಗೆ ಇನ್ನೂ ನೆನಪಿದೆ, ಮೊನ್ನೆ ನಾನು ತಂದುಕೊಟ್ಟ ಇಳಕಲ್ಲ ಸೀರೆಯ ಬಣ್ಣ ಕೇಳಿ, ನೆನಪಿಲ್ಲ.

ಒಂದು ದಿನ ಧೈರ್ಯ ಮಾಡಿ ಹೇಳಿದೆ. "ಯವ್ವಾ, ಆ ಗಂಡಗ ಕಿವಿ ಸ್ವಲ್ಪ ಮಂದ ಅಂತರೆ ಬರಿ. ಆವಾಗ ಮಗ್ಗದ ಕೆಲಸಕ್ಕ ಹತ್ತಿ ನಾಕ ವರ್ಷ ಆಗಿತ್ತು."

"ಅಂವಾ ಬೆಳ್ಳಿ ಕೆಲಸದಾಂವ ಅಜ್ಜಾ. ಬೆಳ್ಳಿ ಸಪ್ಪಳಕ್ಕ ಕಿವಿ ಹೋಗೂದಿಲ್ಲ."

ಇದೇ ನೋಡಿ ಅಚ್ಚಾದದ್ದನ್ನು ಮುರಿಯಬಾರದು ಅನ್ನುವ ನಿಯಮ. ನನ್ನನ್ನು ಉಳಿಸಬಹುದಾದ ಒಂದೇ ಒಂದು ಎಳೆ ಅದರಲ್ಲಿ ಹೋಯಿತು. ಅದೇ ನಿಯಮದಿಂದ ಇನ್ನೊಂದು ತೊಡಕೂ ಬಂತು. ಮೂರನೇ ಪುಸ್ತಕದಲ್ಲಿ ದೊಡ್ಡವ್ವ ತೀರಿಹೋದ ಗಂಡನ ಫೋಟೋ ಒರೆಸುತ್ತ, "ದೇವರಂಥ ಮನುಷ್ಯಾ ಇದ್ರು" ಎಂದು ಒಮ್ಮೆ ಅಂದುಬಿಟ್ಟಿದ್ದಾಳೆ. ಈಗ ಅದನ್ನು ಏನು ಮಾಡುವುದು ಎಂದು ಮೊಮ್ಮಗಳು ಪೆನ್ನು ಕಚ್ಚುತ್ತ ಕುಳಿತಿದ್ದಳು.

"ಇರ್ಲಿ ಬಿಡು," ಎಂದಳು ಹೆಂಡತಿ. "ದೇವರೂ ಕರದಾಗ ಕೇಳೂದಿಲ್ಲ."

ಬರೆದದ್ದನ್ನು ಧಾರವಾಡಕ್ಕೆ ಕಳಿಸಿ ನಾಲ್ಕು ದಿನಕ್ಕೆ ಪ್ರಕಾಶಕರ ಫೋನ್ ಬಂತು. ನನಗೂ ಕೇಳಲಿ ಎಂದು ಮೊಮ್ಮಗಳು ಸ್ಪೀಕರಿಗೆ ಹಾಕಿದಳು.

"ಎಲ್ಲಾ ಓದಿದೆ ನೋಡ್ರಿ ತಂಗಿ," ಎಂದಿತು ಆ ಕಡೆಯ ಧ್ವನಿ. "ಇದರಾಗ ಯಾರೂ ಸಾಯೂದ ಇಲ್ಲೇನ್ರಿ?"

"ಇಲ್ರಿ ಸರ್."

"ಗಂಡ ಊಟಾ ಮಾಡಿದ್ದಷ್ಟ?"

"ಹೌದ್ರಿ."

ಆ ಕಡೆ ಬಹಳ ಹೊತ್ತು ಸಪ್ಪಳವಿಲ್ಲ. ಫೋನ್ ಕಟ್ ಆಯಿತೆಂದು ನಾನು ಕೈಸನ್ನೆ ಮಾಡಿದೆ. ಮೊಮ್ಮಗಳ ಕಣ್ಣು ತುಂಬಿತ್ತು. ಹೆಂಡತಿ ಮಾತ್ರ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು, ಸೊಂಟದ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಆಗ ಧ್ವನಿ ಬಂತು, ಮೊದಲಿಗಿಂತ ಮೆತ್ತಗೆ.

"ನಮ್ಮ ಮನಿಯವರು ಬೆಳಗಾವಿ ಬಸ್‌ಸ್ಟ್ಯಾಂಡಿಗಿ ಕಾಲ ಇಡಂಗಿಲ್ರಿ. ಇಪ್ಪತ್ತ ವರ್ಷ ಆತು. ಅಲ್ಲಿ ಧೂಳ ಆಗಿ ಬರೂದಿಲ್ಲಂತ ನಾ ತಿಳದೇನಿ. ಇವತ್ತ ಸಂಜಿಕ ಕೇಳಿ ನಾಳೆ ಫೋನ್ ಮಾಡ್ತೇನಿ."

ಮರುದಿನ ಮಾಡಿದರು. ಏನು ಕೇಳಿದರೋ, ಏನು ಉತ್ತರ ಬಂತೋ ಹೇಳಲಿಲ್ಲ. ಧ್ವನಿ ಮಾತ್ರ ಬಾವಿಯ ತಳದಿಂದ ಬಂದಂತಿತ್ತು. ಸಣ್ಣ ಪುಸ್ತಕ ದೀಪಾವಳಿಗೆ, ಐದನೆಯದು ಅದರ ಹಿಂದೆ, ಬೇಗ ಬರೆಯಿರಿ ಎಂದಷ್ಟೇ ಹೇಳಿದರು. ಮೊಮ್ಮಗಳು ನನ್ನ ಕೊರಳಿಗೆ ಜೋತುಬಿದ್ದಳು, ಅಲ್ಲಿಂದ ಆಯಿಯ ಕೊರಳಿಗೆ. ನಾನು ಚಪ್ಪಲಿ ಮೆಟ್ಟಿಕೊಂಡು ಕಟ್ಟೆಗೆ ಓಡಿದೆ. ಹೋಗುವಷ್ಟರಲ್ಲಿ ಕಟ್ಟೆ ಖಾಲಿ.

ದೀಪಾವಳಿ ಮುಗಿದ ಮೇಲೆ ಎಡಗಣ್ಣಿನ ಸರದಿ. ಈ ಸಲ ಕೊಲ್ಹಾಪುರಕ್ಕೆ ಹೆಂಡತಿಯೂ ಬಂದಳು, ಚೀಲದಲ್ಲಿ ಹೊಸ ಪುಸ್ತಕ ಇಟ್ಟುಕೊಂಡು. ಡಾಕ್ಟರರು ಅದನ್ನು ಕೈಗೆ ತೆಗೆದುಕೊಂಡು, ಕನ್ನಡ ಓದಲು ಬಾರದ ಕಾರಣ ಹಿಂದೆ ಮುಂದೆ ತಿರುವಿ, "ಕಶಾವರ ಆಹೆ ಪುಸ್ತಕ?" ಎಂದು ಕೇಳಿದರು, ಯಾವುದರ ಮೇಲಿನ ಪುಸ್ತಕ ಅಂತ. ನಾನು ಬಾಯಿ ಬಿಡುವ ಮುಂಚೆಯೇ ಹೆಂಡತಿ ನನ್ನ ಕಡೆ ಬೆರಳು ಮಾಡಿ, "ಹ್ಯಾಂಚ್ಯಾವರ," ಅಂದಳು. ಇವರ ಮೇಲೆ. ಡಾಕ್ಟರರು ನನಗೆ ಕೈ ಕೊಟ್ಟು ಅಭಿನಂದನೆ ಹೇಳಿದರು. ನಾನೂ ತೆಗೆದುಕೊಂಡೆ.

ಮರಳಿ ಬರುವಾಗ ನಾನು ಎಸ್‌ಟಿ ಸ್ಟ್ಯಾಂಡಿನ ಕಡೆ ತಿರುಗಿದರೆ ಆಕೆ ರೈಲು ನಿಲ್ದಾಣದ ಕಡೆ ನಡೆಯುತ್ತಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಸುಮ್ಮನೆ ಹೋಗಿ ಎರಡು ಟಿಕೆಟ್ ತೆಗೆದೆ. ಕಿಟಕಿಯ ಪಕ್ಕದಲ್ಲಿ ಕುಳಿತು ಆಕೆ ದಾರಿಯುದ್ದಕ್ಕೂ ಕಬ್ಬಿನ ಹೊಲ ನೋಡಿದಳು. ಚಕ್ಕರ್ ಬರಲಿಲ್ಲ. ತೊಡೆಯ ಮೇಲೆ ಬುತ್ತಿಯ ಡಬ್ಬಿ ಇತ್ತು.

ಹಾತಕಣಂಗಲೆ ಬರುವಾಗ ಬಿಸಿಲು ಕೆಂಪಗಾಗಿತ್ತು. ನಾನು ಮೊದಲು ಇಳಿದೆ. ಚೀಲ ಕೆಳಗಿಟ್ಟೆ. ಹಿಂದಿರುಗಿ ನಿಂತು ಎರಡೂ ಕೈ ಮುಂದೆ ಚಾಚಿದೆ. ಈಗ ಪ್ಲಾಟ್‌ಫಾರ್ಮ್ ಎತ್ತರವಾಗಿದೆ, ಮಕ್ಕಳೂ ತಾವಾಗಿಯೇ ಇಳಿಯುತ್ತಾರೆ. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೈ ಚಾಚಿ ನಿಂತ ಮುದುಕನನ್ನು ಕಂಡು ರೈಲಿನವರೆಲ್ಲ ಕಿಟಕಿಗೆ ಮುಖ ಇಟ್ಟು ನಕ್ಕರು. ನಗಲಿ. ಈ ಸಲ ನನ್ನ ಪಾಳಿ.

ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಆಮೇಲೆ ಪಡುವಣಕ್ಕೆ ನೋಡಿದಳು. ಬುತ್ತಿಯ ಡಬ್ಬಿಯನ್ನು ನನ್ನ ಚಾಚಿದ ಕೈಯಲ್ಲಿ ಇಟ್ಟಳು.

"ಹೊತ್ತ ಮುಳಗಾಕತ್ತೈತಿ," ಅಂದಳು. "ನೀವು ಊಟಾ ಮಾಡ ಹೋಗ್ರಿ."

ನಾನು ಹೋಗಲಿಲ್ಲ. ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ಮತ್ತೆ ಕೈ ಚಾಚಿದೆ. ಆಕೆ ಅವಸರ ಮಾಡಲಿಲ್ಲ. ಸೀರೆಯ ನಿರಿಗೆ ಸರಿ ಮಾಡಿಕೊಂಡಳು, ಸೆರಗು ಹೊದ್ದಳು, ಕೆಮ್ಮಿದಳು, ಗಾಡಿ ಸೀಟಿ ಹೊಡೆಯುವವರೆಗೆ ಕಾದು, ನನ್ನ ಕೈ ಹಿಡಿದು ಇಳಿದಳು. ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ಡಬ್ಬಿ ಬಿಚ್ಚದೆಯೇ ಮನೆಗೆ ತಂದೆವು, ಮುಂಜಾನೆ ಇಬ್ಬರೂ ಕೂಡಿ ಉಂಡೆವು. ರೊಟ್ಟಿ ಗಟ್ಟಿಯಾಗಿತ್ತು. ಹೇಗಿದೆ ಎಂದು ಕೇಳಿದ್ದಕ್ಕೆ ಬರೋಬ್ಬರ ಐತಿ ಅಂದಳು.